‘ಅಪರಿಚಿತ ದುಷ್ಕರ್ಮಿಗಳು’ ಎಂದು ಬರೆದರೆ ಮುಗಿಯಿತೇ?

ನಮ್ಮ ಹಂದನಕೆರೆ ಕಡೆ ಬೇಸಿಗೆಯಲ್ಲಿ ತೆಂಗಿನ ತೋಟಕ್ಕೆ ಬೆಂಕಿ ಬಿದ್ದರೆ ಜನ ಮೊದಲು ನೀರು ಹೊರುತ್ತಾರೆ, ಆಮೇಲೆ ಹಚ್ಚಿದವರು ಯಾರು ಎಂದು ಕೇಳುತ್ತಾರೆ. ಪ್ರಾರ್ಥನಾ ಮಂದಿರದ ಮೇಲೆ ದಾಳಿಯಾದಾಗ ಮಾತ್ರ ಈ ಎರಡನೇ ಪ್ರಶ್ನೆ ಬೇಗ ಸತ್ತುಹೋಗುತ್ತದೆ.

2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಬಳಿಯ ಅಡೋರೇಶನ್ ಮೊನಾಸ್ಟರಿಗೆ ಗುಂಪೊಂದು ನುಗ್ಗಿ ಶಿಲುಬೆ ಒಡೆಯಿತು. ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳಲ್ಲೂ ದಾಳಿಗಳಾದವು. ಕೊಟ್ಟ ಕಾರಣ ಮತಾಂತರ. ಆದರೆ ಆ ಮಠದ ಸನ್ಯಾಸಿನಿಯರು ಹೊರಗಿನ ಓಡಾಟ ಬಿಟ್ಟು ಪ್ರಾರ್ಥನೆಯಲ್ಲೇ ಬದುಕುವವರು! ದಾಳಿ ಖಂಡಿಸಿ ಬೀದಿಗಿಳಿದವರ ಮೇಲೆ ಪೊಲೀಸರ ಲಾಠಿ ಬೀಸಿತು. ದಾಳಿಯನ್ನು ಬಹಿರಂಗವಾಗಿ ಸಮರ್ಥಿಸಿಕೊಂಡ ಬಜರಂಗದಳದ ಅಂದಿನ ರಾಜ್ಯ ಸಂಚಾಲಕ ಮಹೇಂದ್ರ ಕುಮಾರ್ ಬಂಧನವಾಯಿತು. ಮುಂದೆ ಅವರೇ ಸಂಘಟನೆ ಬಿಟ್ಟು ಕೋಮು ರಾಜಕಾರಣದ ವಿರುದ್ಧ ಊರೂರು ತಿರುಗಿ ಮಾತನಾಡಿದರು.

ಸರ್ಕಾರ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ರಚಿಸಿತು. 2011ರ ಜನವರಿಯಲ್ಲಿ ಬಂದ ಅಂತಿಮ ವರದಿ ಸರ್ಕಾರಕ್ಕೂ ಸಂಘ ಪರಿವಾರಕ್ಕೂ ದಾಳಿಯಲ್ಲಿ ಕೈವಾಡವಿಲ್ಲ ಎಂದಿತು. ಕ್ರೈಸ್ತ ಸಂಘಟನೆಗಳು ಅದನ್ನು ಒಪ್ಪಲಿಲ್ಲ. ಅಲ್ಲಿಗೆ ಬಹುತೇಕ ಪತ್ರಿಕೆಗಳಿಗೆ ಸುದ್ದಿ ಮುಗಿಯಿತು.

ಅಮೆರಿಕದ ಕಪ್ಪು ಜನರ ಚರ್ಚುಗಳ ಕತೆ ನೋಡಿ. 1963ರ ಸೆಪ್ಟೆಂಬರ್ 15ರಂದು ಬರ್ಮಿಂಗ್‌ಹ್ಯಾಮ್‌ನ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ವರು ಹೆಣ್ಣುಮಕ್ಕಳು ಸತ್ತರು. ಮೊದಲ ಶಿಕ್ಷೆಯಾದದ್ದು 1977ರಲ್ಲಿ, ಕೊನೆಯದು 2002ರಲ್ಲಿ. ಚರ್ಚುಗಳಿಗೆ ಬೆಂಕಿ ಇಡುವುದು ಹೆಚ್ಚಿದಾಗ, 1996ರಲ್ಲಿ ಅದಕ್ಕೆಂದೇ ಕಾನೂನು ಬಂತು, ರಾಷ್ಟ್ರಮಟ್ಟದ ತನಿಖಾ ಕಾರ್ಯಪಡೆ ಬಂತು. 2019ರಲ್ಲಿ ಲೂಸಿಯಾನದಲ್ಲಿ ಹತ್ತು ದಿನದೊಳಗೆ ಮೂರು ಹಳೆಯ ಚರ್ಚುಗಳು ಸುಟ್ಟವು. ಮೂರನೆಯದಕ್ಕೆ ಬೆಂಕಿ ಬಿದ್ದ ಒಂದೇ ವಾರದಲ್ಲಿ ಆರೋಪಿ ಸಿಕ್ಕಿಬಿದ್ದ. ಅವನು ಅಲ್ಲಿನ ಪೊಲೀಸ್ ಸಿಬ್ಬಂದಿಯೊಬ್ಬರ ಮಗ. ಮರುವರ್ಷ 25 ವರ್ಷಗಳ ಸಜೆಯಾಯಿತು. ಮತ್ತೆ ಕಟ್ಟಲು ಜನರೇ ದೇಣಿಗೆ ಕೊಟ್ಟರು.

ಅಮೆರಿಕದಲ್ಲಿ ಎಲ್ಲ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ನಾಲ್ವರು ಮಕ್ಕಳ ಸಾವಿಗೆ ಮೊದಲ ಶಿಕ್ಷೆಯಾಗಲು 14 ವರ್ಷ ಹಿಡಿದ ದೇಶ ಅದು. ಆದರೆ ಅಲ್ಲಿ ಯಾರೋ ಕಡತ ತೆಗೆದು ಮತ್ತೆ ಮತ್ತೆ ಕೇಳುತ್ತಲೇ ಇದ್ದರು.

‘ಮತಾಂತರದ ಬಗ್ಗೆ ಯಾಕೆ ಬರೆಯುವುದಿಲ್ಲ?’ ಎಂದು ಕೇಳುವವರಿದ್ದಾರೆ. ಬರೆಯೋಣ. ಬಲವಂತ ನಡೆದಿದ್ದರೆ ದೂರು ಕೊಡಲು ಠಾಣೆಯಿದೆ, ವಿಚಾರಣೆಗೆ ಕೋರ್ಟಿದೆ. ಶಿಲುಬೆ ಒಡೆಯುವುದು ಯಾವ ದೂರಿಗೂ ಉತ್ತರವಲ್ಲ. ದೇವಸ್ಥಾನ, ಮಸೀದಿಗೂ ಇದೇ ಮಾತು.

ತಾಲ್ಲೂಕು ಮಟ್ಟದಲ್ಲಿ ದುಡಿಯುವ ಗೆಳೆಯರಿಗೆ ಒಂದು ಮಾತು. ‘ಅಪರಿಚಿತ ದುಷ್ಕರ್ಮಿಗಳು’ ಎಂಬ ಪದ ಮೊದಲ ದಿನದ ಸುದ್ದಿಗೆ ಸರಿ. ಮೂರು ತಿಂಗಳಾದ ಮೇಲೂ ಅವರು ಅಪರಿಚಿತರೇ ಆಗಿ ಉಳಿದಿದ್ದರೆ, ಅದೇ ಸುದ್ದಿ. ಎಫ್‌ಐಆರ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಆರೋಪಪಟ್ಟಿ ಸಲ್ಲಿಕೆಯಾಯಿತೇ, ಸಾಕ್ಷಿಗಳು ತಿರುಗಿಬಿದ್ದರೇ, ಕೇಸು ವಾಪಸಾಯಿತೇ ವಿಚಾರಿಸಿ. ಎರಡು ಕಾಲಂ ಸಿಗದಿದ್ದರೆ ನಾಲ್ಕು ಸಾಲಾದರೂ ಬರೆಯಿರಿ.