ಭೂಗರ್ಭದ ಸಾಕ್ಷ್ಯ

ಮಂಡ್ಯ ಜಿಲ್ಲೆಯ ಮರಳಗಾಲದ ಸುತ್ತಿನಲ್ಲಿ 14,100 ಟನ್ನು ಲಿಥಿಯಂ ಇರಬಹುದೆಂದು 2020ರಲ್ಲಿ ಸುದ್ದಿಯು ಹಬ್ಬಿದಾಗ ನಾಡಿನಲ್ಲಿ ಉಂಟಾದ ಉತ್ಸಾಹವು ವಾಚಕರಿಗೆ ನೆನಪಿರಬಹುದು. ಮರುವರ್ಷ ಕೇಂದ್ರ ಸರಕಾರದವರು ಕೊಟ್ಟ ಅಂಕಿಯು 1,600 ಟನ್ನು. ಅದೂ ಅನುಮಾನದ ವರ್ಗಕ್ಕೆ ಸೇರಿದುದು. ಯಾರನ್ನೂ ದೂರುವುದು ನಮ್ಮ ಉದ್ದೇಶವಲ್ಲ. ಆದರೆ ಊಹೆಗೂ ಪ್ರಮಾಣಕ್ಕೂ ನಡುವೆ ಬೈರಿಗೆಯು ಭೂಮಿಯೊಳಕ್ಕೆ ಇಳಿಯಬೇಕೆಂಬುದನ್ನು ಜನರೂ ಅಧಿಕಾರಿಗಳೂ ಮರೆಯಲಾಗದು. ಈ ವಿಷಯದಲ್ಲಿ ಇಂಗ್ಲೆಂಡಿನ ಡರ್‌ಹ್ಯಾಂ ಸೀಮೆಯ ವೃತ್ತಾಂತವು ವಿಚಾರಯೋಗ್ಯವಾಗಿದೆ.

ಆ ಸೀಮೆಯ ವಿಯರ್‌ಡೇಲ್ ಕಣಿವೆಯಲ್ಲಿ ಶತಮಾನಗಳ ಕಾಲ ಸೀಸದ ಅದುರನ್ನು ತೆಗೆದರು. ಅದುರಿನ ಜೊತೆಗೆ ನಡುಭಾಗದಲ್ಲಿ ಫ್ಲೋರೈಟು, ಅದರ ಹೊರಸುತ್ತಿನಲ್ಲಿ ಬ್ಯಾರೈಟು, ಹೀಗೆ ಖನಿಜಗಳು ವಲಯಗಳಾಗಿ ಹರಡಿದ್ದವು. ಇದನ್ನು ಕಂಡ ಭೂಗರ್ಭಶಾಸ್ತ್ರಜ್ಞರಾದ ಕಿಂಗ್ಸ್‌ಲಿ ಡನ್‌ಹ್ಯಾಂರವರು, ಕೆಳಗೆ ಗ್ರಾನೈಟಿನ ರಾಶಿಯೊಂದು ಹುದುಗಿರಬೇಕೆಂದೂ, ಅದು ಆರುವಾಗ ಹೊರಚೆಲ್ಲಿದ ಬಿಸಿನೀರೇ ಲೋಹವನ್ನು ಹೊತ್ತು ತಂದಿರಬೇಕೆಂದೂ 1934ರಲ್ಲಿ ಸೂಚಿಸಿದರು. ಕಾರ್ನ್‌ವಾಲಿನ ತವರದ ಗಣಿಗಳಲ್ಲಿ ಇಂತಹ ಸಂಬಂಧವು ಆಗಲೇ ತಿಳಿದಿದ್ದುದರಿಂದ ಈ ಮಾತು ಯುಕ್ತವಾಗಿಯೇ ಕಂಡಿತು. ಗ್ರಾನೈಟು ಸುತ್ತಲಿನ ಶಿಲೆಗಳಿಗಿಂತ ಹಗುರ. ಆದಕಾರಣ ಅದರ ಮೇಲೆ ಗುರುತ್ವಾಕರ್ಷಣವು ಕೂದಲೆಳೆಯಷ್ಟು ಕಡಿಮೆಯಾಗಿರುತ್ತದೆ. 1957ರಲ್ಲಿ ಪ್ರಕಟವಾದ ಅಳತೆಗಳೂ ಅದನ್ನೇ ತೋರಿಸಿದವು.

1960ರಲ್ಲಿ ರೂಕ್‌ಹೋಪ್ ಎಂಬ ಹಳ್ಳಿಯಲ್ಲಿ ಬೈರಿಗೆಯನ್ನು ಇಳಿಸಲಾಯಿತು. ಸುಮಾರು 390 ಮೀಟರಿನ ಆಳದಲ್ಲಿ ಗ್ರಾನೈಟು ದೊರೆಯಿತು. ಇಷ್ಟಕ್ಕೇ ಜಯಘೋಷ ಮಾಡಬಹುದಾಗಿತ್ತು. ಆದರೆ ಆ ಕಲ್ಲಿನ ನೆತ್ತಿಯು ಗಾಳಿ ಮಳೆಗಳಿಗೆ ಸವೆದು ಶಿಥಿಲವಾಗಿತ್ತು! ಅಂದರೆ ಅದು ಒಂದು ಕಾಲದಲ್ಲಿ ಬಿಸಿಲು ಕಂಡ ನೆಲ. ಅದರ ಮೇಲೆ ಸಮುದ್ರವು ಬಂದು ಸುಣ್ಣಕಲ್ಲನ್ನು ಹಾಸಿದ್ದು ಅನಂತರ. ಗ್ರಾನೈಟಿನ ವಯಸ್ಸು ಸುಮಾರು 40 ಕೋಟಿ ವರ್ಷ, ಸುಣ್ಣಕಲ್ಲಿನದು ಸುಮಾರು 33 ಕೋಟಿ. ಎಂದೋ ಆರಿ ತಣ್ಣಗಾಗಿದ್ದ ಕಲ್ಲು ತನಗಿಂತ ಕಿರಿಯ ಶಿಲೆಯ ಬಿರುಕುಗಳಿಗೆ ಲೋಹರಸವನ್ನು ಉಣಿಸಿತೆಂದು ಹೇಳುವುದು ಹೇಗೆ? ಊಹೆಯು ಗೆದ್ದಿತು, ಅದಕ್ಕೆ ಕೊಟ್ಟ ಕಾರಣವು ಸೋತಿತು. ಈ ಫಲಿತಾಂಶವನ್ನು 1965ರಲ್ಲಿ ಸಹೋದ್ಯೋಗಿಗಳೊಡನೆ ಲೋಕಕ್ಕೆ ತಿಳಿಸಿದವರು ಸ್ವತಃ ಡನ್‌ಹ್ಯಾಂರವರೇ ಎಂಬುದನ್ನು ನಾವು ಗೌರವದಿಂದ ಸ್ಮರಿಸುತ್ತೇವೆ.

ಹಾಗಾದರೆ ಗ್ರಾನೈಟಿನ ಪಾತ್ರವೇನು? ಅದರಲ್ಲಿ ಅಲ್ಪಾಂಶವಾಗಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳು ಕ್ಷಯಿಸುತ್ತ ಸದಾ ಶಾಖವನ್ನು ಹುಟ್ಟಿಸುತ್ತವೆ. ಸುತ್ತಣ ತಗ್ಗುಗಳ ಉಪ್ಪುನೀರು ಶಿಲೆಗಳಿಂದ ಲೋಹವನ್ನು ಕರಗಿಸಿಕೊಂಡು, ಈ ಒಲೆಯ ಮೇಲೆ ಕಾದು, ಬಿರುಕುಗಳಲ್ಲಿ ಮೇಲೇರಿ, ತಣಿದಾಗ ಅದುರನ್ನು ಬಿಟ್ಟಿತೆಂಬುದು ಅನಂತರ ಬೆಳೆದ ವಿವರಣೆ. 2004ರಲ್ಲಿ ಸಮೀಪದ ಈಸ್ಟ್‌ಗೇಟಿನಲ್ಲಿ 995 ಮೀಟರು ಕೊರೆದಾಗ ತಳದಲ್ಲಿ 46 ಡಿಗ್ರಿ ಉಷ್ಣವು ಕಂಡುಬಂದಿತು. ಒಲೆಯು ಇನ್ನೂ ಆರಿಲ್ಲ.

ಇದು ಪಂಡಿತರ ವಿನೋದವಷ್ಟೇ ಎಂದು ಯಾರೂ ತಿಳಿಯಬಾರದು. ಅದುರು ಹೇಗೆ ಬಂದಿತೆಂಬ ನಿರ್ಣಯವೇ ಮುಂದಿನ ಕುಳಿಯನ್ನು ಎಲ್ಲಿ ತೋಡಬೇಕೆಂಬುದನ್ನು ನಿಶ್ಚಯಿಸುತ್ತದೆ. ಮಂಡ್ಯದ ರೀತಿಯು ಬೇರೆ: ಅಲ್ಲಿ ಲಿಥಿಯಂ ಇರುವುದು ಪೆಗ್ಮಟೈಟಿನಲ್ಲಿ, ಅಂದರೆ ಕರಗಿದ ಗ್ರಾನೈಟು ಹೆಪ್ಪುಗಟ್ಟುವಾಗ ಕಡೆಗೆ ಉಳಿದ ರಸದಿಂದಾದ ಕಲ್ಲಿನಲ್ಲಿ. ಆದರೆ ಆ ಕಲ್ಲು ಎಷ್ಟು ಆಳಕ್ಕೆ ಇಳಿದಿದೆ, ಎಲ್ಲಿ ಕವಲೊಡೆದಿದೆ ಎಂಬುದನ್ನು ಅಲ್ಲಿಯೂ ಬೈರಿಗೆಯೇ ಹೇಳಬೇಕು. ಇನ್ನು ಮುಂದೆ ನಿಕ್ಷೇಪಗಳನ್ನು ಸಾರುವಾಗ, ಎಷ್ಟು ಕುಳಿಗಳನ್ನು ಎಷ್ಟು ಆಳಕ್ಕೆ ಕೊರೆಯಲಾಯಿತು, ಯಾವ ಕಲ್ಲು ಸಿಕ್ಕಿತು ಎಂಬುದನ್ನು ಟನ್ನಿನ ಅಂಕಿಯ ಜೊತೆಯಲ್ಲಿಯೇ ಪ್ರಕಟಿಸಬೇಕೆಂದು ಸರಕಾರದವರನ್ನು ಒತ್ತಾಯಿಸುತ್ತೇವೆ. ಏನೂ ದೊರೆಯದ ಕುಳಿಗಳ ವಿವರವನ್ನೂ ಮುಚ್ಚಿಡಬಾರದು.