ಮಣ್ಣಿನಿಂದ ಮ್ಯಾಟಿಗೆ

ನೀರಜ್ ಚೋಪ್ರಾ ಹೆಸರು ನಮ್ಮ ಊರ್ಡಿಗೆರೆಯ ಮಕ್ಕಳಿಗೂ ಬಾಯಿಪಾಠ. ಖಾಶಾಬ ಜಾಧವ್ ಎಂದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಮೊದಲ ವೈಯಕ್ತಿಕ ಪದಕ ತಂದವರು ಇವರೇ.

ಸಾತಾರಾ ಜಿಲ್ಲೆಯ ಗೋಳೇಶ್ವರದಲ್ಲಿ 1926ರಲ್ಲಿ ಜನನ. ಓದಿದ್ದು ನಮ್ಮ ಬೆಳಗಾವಿಗೆ ನೆರೆಯ ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ 52 ಕೆ.ಜಿ. ವಿಭಾಗದಲ್ಲಿ ಆರನೇ ಸ್ಥಾನ. ಗರಡಿಯಲ್ಲಿ ಪಳಗಿದ ಕಾಲಿಗೆ ಮ್ಯಾಟ್ ಹೊಸದು. ಹದ ಮಾಡಿದ ಮಣ್ಣಿನಲ್ಲಿ ಕಾಲ್ಬೆರಳು ಹೂತು ಆಸರೆ ಸಿಗುತ್ತದೆ; ಮ್ಯಾಟಿನ ಮೇಲೆ ಬೆರಳು ಇಳಿಯುವುದಿಲ್ಲ, ಬೂಟಿನ ತಳದ ಘರ್ಷಣೆಯನ್ನೇ ನಂಬಬೇಕು. ಪಟ್ಟು ಅದೇ ಆದರೂ ಕಾಲೂರುವುದನ್ನು ಹೊಸದಾಗಿ ಕಲಿಯಬೇಕು. (ಒಂಬತ್ತನೇ ತರಗತಿಯಲ್ಲಿ ಘರ್ಷಣೆಗೆ ನಾನು ಕೊಡುವ ಉದಾಹರಣೆ ಇದೇ!)

1952ರಲ್ಲಿ ಹೆಲ್ಸಿಂಕಿಗೆ ಹೋಗಲು ಹಣವಿಲ್ಲ. ಕಾಲೇಜಿನ ಪ್ರಾಂಶುಪಾಲರಾಗಿದ್ದ ಖರ್ಡೇಕರ್ ತಮ್ಮ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ಹೊಂದಿಸಿದರು. ಅಂಥ ಮೇಷ್ಟರು ಎಷ್ಟು ಜನ? ಅಲ್ಲಿ 57 ಕೆ.ಜಿ. ವಿಭಾಗದಲ್ಲಿ ಜಾಧವ್ ಕೆನಡಾ, ಮೆಕ್ಸಿಕೊ, ಜರ್ಮನಿಯ ಪೈಲ್ವಾನರನ್ನು ಕೆಡವಿದರು. ಮುಂದೆ ಜಪಾನಿನ ಇಶಿಯೊಡನೆ ದೀರ್ಘ ಸೆಣಸಾಟ, ಸೋಲು. ಆ ಬಳಲಿಕೆಯಲ್ಲೇ ಸೋವಿಯತ್‌ನ ಮಮ್ಮದ್‌ಬೆಯೋವ್ ಎದುರು ಇಳಿಸಿದರು. ನಡುವೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆಂಬ ನಿಯಮವಿತ್ತು. ಕೇಳಲು ನಮ್ಮ ಅಧಿಕಾರಿಯೊಬ್ಬರೂ ಪಕ್ಕದಲ್ಲಿರಲಿಲ್ಲ ಎನ್ನುತ್ತಾರೆ. ಕೈಗೆ ಬಂದದ್ದು ಕಂಚು.

ಊರಿಗೆ ಮರಳಿ ಕುಸ್ತಿ ಪಂದ್ಯ ಏರ್ಪಡಿಸಿ ಗುರುಗಳ ಮನೆ ಬಿಡಿಸಿಕೊಟ್ಟರಂತೆ. 1955ರಲ್ಲಿ ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಆದರು. 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಮನೆಗೆ ಬರುವ ಹೊತ್ತಿಗೆ ಅವರು ಹೋಗಿ ಹದಿನೈದು ವರ್ಷ ದಾಟಿತ್ತು.