ಹೊಳಪಿಗೆ ಮರುಳಾಗದಿರಿ

ಅಮೆರಿಕದ ಅನೇಕ ಶಾಲೆಗಳಲ್ಲಿ ಬ್ಯಾಂಡ್ ಕೂಡ ಒಂದು ಪಾಠ. ಹೊಸ ಟ್ರಾಂಬೋನ್ ದುಬಾರಿಯೆಂದು ಹಳೆಯದನ್ನು ಹುಡುಕುವ ಪಾಲಕರು ಅಲ್ಲಿ ಉಂಟು. ಇಂಡಿಯಾನಾ ರಾಜ್ಯದ ಎಲ್ಕಾರ್ಟ್‌ನಲ್ಲಿ ದಶಕಗಳ ಹಿಂದೆ ತಯಾರಾದ ಕಾನ್ ಕಂಪೆನಿಯ ವಾದ್ಯಗಳಿಗೆ ಇಂದಿಗೂ ಬೇಡಿಕೆಯಿದೆ. ಆದರೆ ಥಳಥಳಿಸುವುದನ್ನೇ ಆರಿಸಿಕೊಂಡರೆ ಮೋಸಹೋಗುವ ಸಂಭವವಿದೆ.

ಟ್ರಾಂಬೋನಿನ ಜೀವಾಳ ಅದರ ಸ್ಲೈಡ್. ಕೊಳಲಿನ ರಂಧ್ರಗಳಾಗಲಿ ಹಾರ್ಮೋನಿಯಂನ ಮನೆಗಳಾಗಲಿ ಇದಕ್ಕಿಲ್ಲ. ಒಳಗಿನ ಜೋಡಿ ಕೊಳವೆಗಳ ಮೇಲೆ ಹೊರಗಿನ ಜೋಡಿ ಜಾರುತ್ತದೆ. ಮುಂದಕ್ಕೆ ಚಾಚಿದಷ್ಟೂ ಸ್ವರ ಇಳಿಯುತ್ತದೆ. ಹೀಗೆ 7 ಸ್ಥಾನಗಳು. ಸಣ್ಣ ನೆಗ್ಗು ಬಿದ್ದರೂ ಸ್ಲೈಡ್ ತೊಡರುತ್ತದೆ.

ಪರೀಕ್ಷೆ ಸುಲಭ. ಸ್ಲೈಡನ್ನು ಶುಚಿಗೊಳಿಸಿ, ಎಣ್ಣೆ ಸವರಿ, ನೇರವಾಗಿ ಹಿಡಿದು ಚಿಲಕ ಸಡಿಲಿಸಿದರೆ ಹೊರಭಾಗ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಕೆಳಗೆ ಕೈ ಒಡ್ಡಿರಲು ಮರೆಯಬಾರದು!

ಎರಡನೆಯದು ಬಣ್ಣ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಉಸಿರಿನ ತೇವ ವರ್ಷಗಟ್ಟಲೆ ಒಳಗೇ ನಿಂತರೆ ಸತು ಕರಗಿಹೋಗಿ ಟೊಳ್ಳು ತಾಮ್ರ ಉಳಿಯುತ್ತದೆ. ಹೊರಗೆ ಗುಲಾಬಿ ಚುಕ್ಕೆಗಳು ಕಾಣುತ್ತವೆ. ಇದಕ್ಕೆ ‘ರೆಡ್ ರಾಟ್’ ಎಂದು ಹೆಸರು. ಉಜ್ಜಿದರೆ ಇದು ಹೋಗದು. ತೇಪೆ ಹಾಕಬೇಕು, ಇಲ್ಲವೇ ಕೊಳವೆಯನ್ನೇ ಬದಲಿಸಬೇಕು.

ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು, ಬಾಗುವ ಬ್ರಷ್‌ನಿಂದ ಒಳಗಿನ ಕೊಳೆ ತೆಗೆಯುವುದು ಮನೆಯಲ್ಲೇ ಸಾಧ್ಯ. ನೆಗ್ಗು ತೆಗೆಯುವುದು, ಕೊಳವೆಗಳನ್ನು ಸಮಾನಾಂತರಕ್ಕೆ ತರುವುದು ನುರಿತವರ ಕೆಲಸ. ಅತಿಯಾಗಿ ಪಾಲಿಷ್ ಮಾಡಿದರೆ ಲೋಹ ತೆಳುವಾಗಿ, ಕೆತ್ತನೆಯೂ ಅಳಿಸಿಹೋದೀತು.

ರಿಪೇರಿಯ ಖರ್ಚನ್ನೂ ಕೂಡಿಸಿ ನೋಡಿದ ಮೇಲೆಯೇ ವಾದ್ಯ ಅಗ್ಗವೋ ದುಬಾರಿಯೋ ತಿಳಿಯುವುದು. ಸ್ಲೈಡ್ ತೊಡರುತ್ತಿದ್ದರೆ, ಕಲಿಯುವ ಮಗು ದೋಷ ತನ್ನ ಕೈಯದೇ ಎಂದು ಭಾವಿಸಿ ಸಂಗೀತವನ್ನೇ ಬಿಟ್ಟೀತು.